ಬೆನ್ನಿಗೆ ಬಿದ್ದದ್ದು

ದುಡ್ಡು ಎಣಿಸಿದೆ, ಸೆವೆರಿನ್, ಸರಿಯಾಗಿದೆ.
ಕೀಲಿ ಇನ್ನೂ ನನ್ನ ಏಪ್ರನ್ನಿನ ಜೇಬಲ್ಲೇ ಇದೆ.
ಕೂತುಕೋ. ಚಹಾ ಆರಲಿ.

ಉರ್ಸುಸ್ ಅಂದರೆ ಲ್ಯಾಟಿನ್ನಿನಲ್ಲಿ ಕರಡಿಯಂತೆ,
ನಮ್ಮ ಪಾದ್ರಿ ಹೇಳುತ್ತಿದ್ದರು.
ಕರಡಿಯೂ ಅಲ್ಲ ಗಿರಡಿಯೂ ಅಲ್ಲ.
ಮೂವತ್ತು ಕುದುರೆಯ ಬಲ ಅಂತ ಕಾಗದದಲ್ಲಿದೆ,
ಅದರಲ್ಲಿ ಆರೇಳು ಸತ್ತು ಎಷ್ಟೋ ವರ್ಷವಾಯಿತು,
ಉಳಿದವಕ್ಕೆ ಬೆಳಗಿನ ಹೊತ್ತು ಕೆಮ್ಮು.

ಬಂದವನೇ ಕೇಳಿದೆ: ಅಜ್ಜೀ, ಎಳೆಯುತ್ತಾ?
ಎಲ್ಲರೂ ಅದನ್ನೇ ಕೇಳುತ್ತಾರೆ.
ಎಳೆಯುತ್ತದೆ ಮಗಾ, ಹಸಿ ಬೀಚ್ ಮರದ ದಿಮ್ಮಿ,
ಹಲ್ಲು ಕಚ್ಚಿ ಎಳೆಯುತ್ತದೆ.
ತಡೆಯುತ್ತಾ ಅಂತ ಯಾರೂ ಕೇಳುವುದಿಲ್ಲ.

ಈ ಬೆಸ್ಕಿಡ್ ಬೆಟ್ಟದಲ್ಲಿ ಏರು ಸುಳ್ಳು ಹೇಳುವುದಿಲ್ಲ.
ಆಗದಿದ್ದರೆ ಆಗದು ಅಂತ ಮುಖಕ್ಕೇ ಹೇಳಿ
ಇಂಜಿನ್ನಿನ ಉಸಿರು ನಿಲ್ಲಿಸುತ್ತದೆ.
ಇಳಿಜಾರಿನ ಮಾತು ಸಕ್ಕರೆ.

ಹಿಂದೆ ಕಟ್ಟುತ್ತೀಯಲ್ಲ ಟ್ರೈಲರು,
ಅದು ಬೆನ್ನಿಗೆ ಬಿದ್ದ ತಮ್ಮನ ಹಾಗೆ.
ಏರಿನಲ್ಲಿ ಲಂಗದ ಚುಂಗು ಹಿಡಿದು ಜೋತುಬೀಳುತ್ತದೆ,
ಇಳಿಯುವಾಗ ಆಟಕ್ಕೆಂದು ದೂಡುತ್ತದೆ.
ತನ್ನ ತೂಕ ಎಷ್ಟೆಂದು ಪಾಪ ಅದಕ್ಕೇ ಗೊತ್ತಿಲ್ಲ.

ನನ್ನ ಬೆನ್ನಿಗೆ ಬಿದ್ದವನು ಝೆನೊನ್.

ಅಕ್ಟೋಬರ್. ರಸ್ತೆಯ ತುಂಬ ಒದ್ದೆ ಎಲೆ.
ಅವನು ಸ್ಟೇರಿಂಗಿನಲ್ಲಿ, ನಾನು ಮಡ್‌ಗಾರ್ಡಿನ ಮೇಲೆ
(ಅಲ್ಲಿ ಯಾರನ್ನೂ ಕೂರಿಸಬೇಡ, ನಿನ್ನ ಹುಡುಗಿಯನ್ನಂತೂ ಬೇಡವೇ ಬೇಡ).
ಸಂಜೆ ಅಗ್ನಿಶಾಮಕದವರ ಹಾಲಿನಲ್ಲಿ ಕುಣಿತವಿತ್ತು.
ಎರಡು ಸಲದ ದಿಮ್ಮಿ ಒಂದೇ ಸಲಕ್ಕೆ ಹೇರಿದೆವು.
ಏರಿದ ಗೇರಿನಲ್ಲೇ ಇಳಿಯಬೇಕು ಅನ್ನುತ್ತಿದ್ದ ಅಪ್ಪ.
ಆ ಗೇರಿನಲ್ಲಿ ಆಮೆ ನಮ್ಮನ್ನು ದಾಟಿ ಹೋಗುತ್ತಿತ್ತು.
ಬೇಗ ಹೋಗೋ ಅಂದೆ.
ಅಂದವಳು ನಾನೇ.

ಗೇರು ಬದಲಿಸಲು ಕ್ಲಚ್ ತುಳಿದ.
ಅಷ್ಟೇ.
ಗೇರು ಬೀಳಲಿಲ್ಲ. ಇಂಜಿನ್ ಒಂದು ಕಡೆ, ಚಕ್ರ ಒಂದು ಕಡೆ,
ನಡುವೆ ಹಿಡಿಯುವವರು ಯಾರೂ ಇಲ್ಲ.
ಎಷ್ಟು ನಿಶ್ಶಬ್ದವಿತ್ತು ಗೊತ್ತಾ,
ಎಲೆಗಳ ಮೇಲೆ ಟೈರು ಹೋಗುವ ಸದ್ದು
ಯಾರೋ ರೇಷ್ಮೆ ಹರಿದ ಹಾಗೆ.
ಬ್ರೇಕ್ ಒತ್ತಿದ. ಬಲದ್ದು ಹಿಡಿಯಿತು, ಎಡದ್ದು ಬಿಟ್ಟಿತು.
ಚಾಪೆಲ್ಲಿನ ತಿರುವಿನಲ್ಲಿ ಟ್ರೈಲರ್ ನಮ್ಮ ಪಕ್ಕಕ್ಕೇ ಬಂದು
ಇಣುಕಿ ನೋಡಿತು.

ನಾನು ತುರಿಕೆ ಗಿಡದ ಪೊದೆಯಲ್ಲಿ ಬಿದ್ದಿದ್ದೆ, ಮೈಯೆಲ್ಲ ಉರಿ.
ಅವನು ಕೆಳಗೆ.

ಸಾಯಲಿಲ್ಲ. ಆ ಮುಖ ಮಾಡಬೇಡ.
ಮೊಣಕಾಲು ಹೋಯಿತು. ಜೇನು ಸಾಕುತ್ತಾನೆ ಈಗ,
ಭಾರ ಅಂದರೆ ಒಂದು ಪೆಟ್ಟಿಗೆ ಅವನಿಗೆ.
ಬೇಗ ಹೋಗು ಅಂದವರು ಯಾರೆಂದು
ಐವತ್ತು ವರ್ಷದಲ್ಲಿ ಒಮ್ಮೆಯೂ ಯಾರಿಗೂ ಹೇಳಲಿಲ್ಲ.
ಆಸ್ಪತ್ರೆಯಿಂದ ಬಂದವನು ಕುಲುಮೆಯ ಮುಂದೆ ಸ್ಟೂಲ್ ಹಾಕಿ ಕೂತು
ಕೊಂಡಿಯ ಪಿನ್ನು ಬಡಿದ, ಹೆಬ್ಬೆರಳಿಗಿಂತ ದಪ್ಪ.
ಅದು ಜಿಗಿಯದಂತೆ ಕ್ಲಿಪ್ಪು, ಅದು ಕಳೆಯದಂತೆ ಸರಪಳಿ.
ಪಿನ್ನು ಗಾಡಿಯ ಜೊತೆಗೇ ಹೋಗಲಿ ಅಂದ, ನಿನ್ನೆ ಫೋನಿನಲ್ಲಿ.
ಅದರ ಜಾಗದಲ್ಲಿ ಬೋಲ್ಟು ಗೀಲ್ಟು ತುರುಕಿದರೆ
ನಾನು ಸತ್ತಮೇಲೂ ಬಂದು ಬೈಯುತ್ತೇನೆ.

ಎರಡು ಬ್ರೇಕಿನ ಪೆಡಲ್ಲು ಹೊಲದಲ್ಲಿ ಬೇರೆ ಬೇರೆ ಇರಲಿ,
ರಸ್ತೆಗೆ ಬರುವ ಮುಂಚೆ ಚಿಲಕ ಹಾಕು, ಅಣ್ಣತಮ್ಮಂದಿರ ಹಾಗೆ ಒಟ್ಟಿಗಿರಲಿ.
ದಿಮ್ಮಿ ಎಳೆಯುವ ಸರಪಳಿ ಕೆಳಗಿನ ಕೊಕ್ಕೆಗೇ.
ಮೇಲೆ ಕಟ್ಟಿದೆಯೋ, ಮುಂಗಾಲೆತ್ತಿ ಹಿಂದಕ್ಕೆ ನಿಲ್ಲುತ್ತದೆ.
ಆಗ ಮಾತ್ರ ಇದು ಕರಡಿ.

ಎರಡೆರಡು ಸಲ ಹೋಗಿಬಂದರೆ ಊರು ನಗುತ್ತದೆ.
ನಗಲಿ, ಅವರಿಗೂ ಚಳಿಗಾಲ ಉದ್ದ.

ತಗೋ ಕೀಲಿ.
ಟ್ರೈಲರಿನಲ್ಲಿ ಅರ್ಧ ಸೌದೆ ಹಾಗೇ ಇದೆ, ನಿನಗೇ ಇರಲಿ.
ನಾನು ಬಾಗಿಲಿಗೆ ಬರುವುದಿಲ್ಲ, ಮಂಡಿ ನೋವು.
ಇಲ್ಲಿಂದಲೇ ಕೇಳಿಸುತ್ತದೆ.
ಚಾಪೆಲ್ಲಿನ ಹತ್ತಿರ ಅದು ಗುರ್ ಅಂತ ಬೈಯುತ್ತ ಇಳಿಯಬೇಕು.
ಬೈಯುವಷ್ಟು ಹೊತ್ತು ಕೈಬಿಟ್ಟಿಲ್ಲ ಅಂತ ಅರ್ಥ.